ಬಟ್ಟೆ ಒಗೆದವರು ಯಾರು

ಫೆಬ್ರವರಿ ೧೨, ಬುಧವಾರ

ಮುದ್ದಿನ ತಂಗಿಗೆ,

ನಿನ್ನ ಅಕ್ಕನ ಆಶೀರ್ವಾದ. ‘ಇಲ್ಲಿ ಎಲ್ಲರೂ ಕ್ಷೇಮ’ ಎಂದು ಮೊದಲ ಸಾಲು ಬರೆದು ಹೊಡೆದುಹಾಕಿದ್ದೇನೆ, ಮೇಲೆ ಕಾಣುವ ಗೀಚು ಅದೇ. ನಿನ್ನ ಎರಡು ಪತ್ರಗಳೂ ಬಂದು, ಕನ್ನಡಿಯ ಹಿಂದೆ ಸಿಕ್ಕಿಸಿದ್ದು ಸಿಕ್ಕಿಸಿದ ಹಾಗೇ ಇದ್ದವು. ಇಷ್ಟು ದಿನ ಉತ್ತರ ಬರೆಯದೆ ಇದ್ದದ್ದಕ್ಕೆ ಬೈಯುವುದಿದ್ದರೆ ಪೂರ್ತಿ ಓದಿದ ಮೇಲೆ ಬೈ. ಆಗ ಬೈಯುವುದಕ್ಕೆ ಇನ್ನೂ ಒಳ್ಳೆಯ ಕಾರಣ ಸಿಗುತ್ತದೆ.

ನಿನ್ನ ಭಾವ ಆಸ್ಪತ್ರೆಯಲ್ಲಿದ್ದಾರೆ. ಗಾಬರಿಯಾಗಬೇಡ, ಜೀವಕ್ಕೇನೂ ಅಪಾಯವಿಲ್ಲವಂತೆ. ಹೋದ ವರ್ಷದಿಂದ ಹೊಟ್ಟೆ ಹಿಡಿದುಕೊಂಡು ಮುದುಡಿ ಕೂರುತ್ತಿದ್ದರಲ್ಲ, ಮೂರು ಜನ ಡಾಕ್ಟರು ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟು ಕಳಿಸಿದ್ದರಲ್ಲ, ಅದು ಗ್ಯಾಸ್ಟ್ರಿಕ್ ಅಲ್ಲ. ಮುಖ ಬಿಳಿಚಿಕೊಂಡಿತ್ತು. ಮಾತೆತ್ತಿದರೆ ಸಿಡುಕು. ಏನು ತಿಂದರೂ ಬಾಯಲ್ಲಿ ಕಬ್ಬಿಣ ಚೀಪಿದ ರುಚಿ ಎಂದು ನನ್ನ ಅಡುಗೆಗೆ ಹೆಸರಿಟ್ಟರು. ನಾಲ್ಕನೆಯವರು ವಯಸ್ಸಾದ ಡಾಕ್ಟರಮ್ಮ. ಅವರು ಹೊಟ್ಟೆ ಮುಟ್ಟುವ ಮೊದಲೇ ಇವರ ತುಟಿ ಎತ್ತಿ ವಸಡು ನೋಡಿದರು. ಹಲ್ಲಿನ ಬುಡದಲ್ಲಿ ಪೆನ್ಸಿಲಿನಲ್ಲಿ ಎಳೆದಂತೆ ಒಂದು ನೀಲಿ ಗೆರೆ ಇತ್ತು.

“ಎಲ್ಲಿ ಕೆಲಸ ಮಾಡ್ತೀರಿ?” ಎಂದರು.

“ಬ್ಯಾಟರಿ ಕಾರ್ಖಾನೆ. ಹಳೇ ಬ್ಯಾಟರಿ ಒಡೆದು ಸೀಸ ಕರಗಿಸ್ತೀನಿ. ಇಪ್ಪತ್ತು ವರ್ಷ ಆಯ್ತು.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ರಕ್ತ ಪರೀಕ್ಷೆ ಮಾಡಿಸಿದರೆ ಮೈ ತುಂಬ ಸೀಸ! ಉಸಿರಿನಲ್ಲಿ ಹೊಗೆಯಾಗಿ, ಊಟದ ಕೈಯಲ್ಲಿ ದೂಳಾಗಿ ಇಪ್ಪತ್ತು ವರ್ಷದಿಂದ ಒಳಗೆ ಇಳಿದು ಕೂತಿದೆಯಂತೆ.

ಈಗ ಅದನ್ನು ಹೊರಗೆ ಎಳೆಯುವ ಚಿಕಿತ್ಸೆ ನಡೆದಿದೆ. ಕೀಲೇಶನ್ ಎನ್ನುತ್ತಾರೆ. ದಿನಕ್ಕಿಷ್ಟು ಎಂದು ಐದು ದಿನ ಡ್ರಿಪ್ಪಿನಲ್ಲಿ ಔಷಧಿ ಏರಿಸುತ್ತಾರೆ. ನನಗೆ ಅರ್ಥವಾಗಲಿಲ್ಲ ಎಂದಾಗ ಡಾಕ್ಟರಮ್ಮ ಎರಡು ಬೆರಳನ್ನು ಕೊಂಡಿಯ ಹಾಗೆ ಮಾಡಿ ನನ್ನ ಕಿರುಬೆರಳು ಹಿಡಿದರು. “ಏಡಿ ನೋಡಿದ್ದೀರಾ? ಈ ಔಷಧೀನೂ ಹಾಗೇ. ರಕ್ತದಲ್ಲಿ ಓಡಾಡ್ತಾ ಸೀಸ ಸಿಕ್ಕಿದ ಕಡೆ ಹೀಗೆ ಹಿಡ್ಕೊಳ್ಳುತ್ತೆ. ಹಿಡಿದ್ರೆ ಬಿಡಲ್ಲ. ಮೂತ್ರಪಿಂಡದ ದಾರೀಲಿ ಹೊರಗೆ ಕರ್ಕೊಂಡು ಹೋಗಿಬಿಡುತ್ತೆ.” ಆ ದಾರಿ ಸರಿಯಾಗಿದೆಯೋ ಇಲ್ಲವೋ ಎಂದು ದಿನಾ ಪರೀಕ್ಷೆ. ಒಂದು ದೊಡ್ಡ ಪ್ಲಾಸ್ಟಿಕ್ ಕ್ಯಾನು ಕೊಟ್ಟಿದ್ದಾರೆ, ಇಪ್ಪತ್ತನಾಲ್ಕು ಗಂಟೆಯ ಮೂತ್ರವನ್ನು ಒಂದು ಹನಿಯೂ ಬಿಡದೆ ಅದರಲ್ಲಿ ಹಿಡಿಯಬೇಕು. ನರ್ಸು ಕ್ಯಾನನ್ನು ಬೆಳಕಿಗೆ ಹಿಡಿದು, “ಭೇಷ್, ಇವತ್ತು ಚೆನ್ನಾಗಿ ಬಂದಿದೆ” ಎಂದರೆ ನಿನ್ನ ಭಾವ ಪರೀಕ್ಷೆಯಲ್ಲಿ ಪಾಸಾದವರ ಹಾಗೆ ನಗುತ್ತಾರೆ. ನಾನು ಮಾಡಿದ ಸಾರಿಗೆ ಈ ಮನುಷ್ಯ ಹಾಗೆ ಎಂದಾದರೂ ನಕ್ಕಿದ್ದುಂಟೇ!

ಇಷ್ಟು ಸುದ್ದಿ. ಇನ್ನು ಹೊಟ್ಟೆಯೊಳಗಿನ ಮಾತು. ಅದನ್ನು ನಿನಗಲ್ಲದೆ ಇನ್ಯಾರಿಗೆ ಬರೆಯಲಿ?

ಮೊನ್ನೆ ಸೋಮವಾರ ನಾನು ಮಗಳನ್ನು ಕಾಲೇಜಿಗೆ ಕಳಿಸಿ, ಗಂಜಿ ಕಟ್ಟಿಕೊಂಡು ವಾರ್ಡಿಗೆ ಹೋಗುವಷ್ಟರಲ್ಲಿ ಲೇಬಲ್ ಅಕ್ಕ ಬಂದು ಕೂತಿದ್ದಳು. ಅದೇ, ಕಾರ್ಖಾನೆಯ ಮುಂದಿನ ಕೋಣೆಯಲ್ಲಿ ಹೊಸ ಬ್ಯಾಟರಿಗಳಿಗೆ ಲೇಬಲ್ ಅಂಟಿಸುವವಳು. ಎಲ್ಲರಿಗೂ ಅವಳು ಅಕ್ಕ. ಅಕ್ಕನಂತೆ ಅಕ್ಕ! ನನ್ನ ಸ್ಟೂಲಿನ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದಳು. ನನ್ನನ್ನು ನೋಡಿ, “ಬನ್ನಿ ಅಮ್ಮ, ಕೂತ್ಕೊಳ್ಳಿ” ಎಂದಳು. ನನ್ನ ಗಂಡನ ಹಾಸಿಗೆಯ ಪಕ್ಕ ಕೂರುವುದಕ್ಕೆ ನನಗೇ ಉಪಚಾರ. ಮೈಯೆಲ್ಲ ಉರಿದುಹೋಯಿತು.

ಹಸಿರು ಸೋಪಿನ ಕಥೆ ನಿನಗೆ ಗೊತ್ತೇ ಇದೆ. ಮದುವೆಯಾದ ಮೊದಲ ಎರಡು ವರ್ಷ ಇವರು ಕೆಲಸದ ಬಟ್ಟೆಯಲ್ಲೇ ಮನೆಗೆ ಬರುತ್ತಿದ್ದರು, ಆ ಬೂದುಬಣ್ಣದ ಅಂಗಿ ಚಡ್ಡಿಯನ್ನು ನಾನೇ ಕಲ್ಲಿಗೆ ಬಡಿದು ಒಗೆಯುತ್ತಿದ್ದೆ. ಆಮೇಲೆ, ನಾನು ಬಸುರಿಯಾದ ಹೊತ್ತಿಗೆ ಸರಿಯಾಗಿ, ಇವರು ಕಾರ್ಖಾನೆಯಲ್ಲೇ ಸ್ನಾನ ಮುಗಿಸಿ, ಬೇರೆ ಬಟ್ಟೆ ತೊಟ್ಟು ಬರಲು ಶುರುಮಾಡಿದರು. ಮೈಯಿಂದ ನಮ್ಮ ಮನೆಯಲ್ಲಿಲ್ಲದ ಸೋಪಿನ ವಾಸನೆ. ಗಂಡ ದಿನಾ ಸಂಜೆ ಬೇರೆ ಕಡೆ ಮಿಂದು ಮನೆಗೆ ಬಂದರೆ ಹೆಂಡತಿ ಏನೆಂದುಕೊಳ್ಳಬೇಕು? ಒಂದು ದಿನ ಊಟದ ಡಬ್ಬಿ ಮರೆತರೆಂದು ತೆಗೆದುಕೊಂಡು ಹೋದೆ. ಹಿತ್ತಲಿನ ತಂತಿಯ ಮೇಲೆ ಇವರ ಅಂಗಿ ಒಣಗುತ್ತಿತ್ತು, ಪಕ್ಕದಲ್ಲೇ ಅವಳ ಟವೆಲ್ಲು. “ಅವರು ಒಗೆದು ಹಾಕ್ತಾರೆ, ನಿಂಗ್ಯಾಕೆ ಸುಮ್ಮನೆ ಕಷ್ಟ” ಎಂದರು ನಿನ್ನ ಭಾವ. ಹದಿನೆಂಟು ವರ್ಷ ನಮ್ಮ ಮನೆಯ ಜಗಳವೆಲ್ಲ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಆ ತಂತಿಯ ಹತ್ತಿರ. ಇವರು ಒಂದು ದಿನವೂ ಬಾಯಿಬಿಟ್ಟು ಕಾರಣ ಹೇಳಲಿಲ್ಲ.

ನಗಬೇಡ. ಚಿಕ್ಕಂದಿನಲ್ಲಿ ನಿನ್ನ ಕೆಂಪು ರಿಬ್ಬನ್ನನ್ನು ಇಲಿ ಕಡಿಯಿತು ಎಂದಿದ್ದೆನಲ್ಲ, ಆ ಇಲಿ ನಾನೇ. ಹುಟ್ಟುಗುಣ, ಎಲ್ಲಿಗೆ ಹೋಗುತ್ತದೆ.

ನಿನಗೆ, ನಿನ್ನ ಮನೆಯವರಿಗೆ, ಮಕ್ಕಳಿಗೆ ಒಳ್ಳೆಯದಾಗಲಿ. ಯಾರೂ ಸೀಸದ ಹತ್ತಿರ ಹೋಗದಿರಲಿ.

ನಿನ್ನ ಪ್ರೀತಿಯ
ಅಕ್ಕ

ತಾ.ಕ.: ಒಂದು ಮಾತು ಬಿಟ್ಟೆ. ನಿನ್ನ ಭಾವನನ್ನು ಎಕ್ಸ್‌ರೇಗೆ ಕರೆದುಕೊಂಡು ಹೋದಾಗ ಡಾಕ್ಟರಮ್ಮ ನನ್ನನ್ನು, “ಇವರ ಕೆಲಸದ ಬಟ್ಟೆ ಒಗೆಯೋರು ಯಾರು?” ಎಂದು ಕೇಳಿದರು. “ನಾನೇ. ಇನ್ಯಾರು?” ಎಂದೆ. ಇನ್ನೊಬ್ಬಳ ಹೆಸರನ್ನು ಅವರ ಮುಂದೆ, ಆ ನರ್ಸಿನ ಮುಂದೆ ಹೇಳುವುದಕ್ಕೆ ನಾಲಗೆ ಏಳಲಿಲ್ಲ. ಬಟ್ಟೆಯ ದೂಳು ಒಗೆಯುವವರ ಮೈಗೂ ಇಳಿಯುತ್ತದೆ, ನಿಮ್ಮ ರಕ್ತವನ್ನೂ ನೋಡಬೇಕು ಎಂದು ಅವರು ಹೇಳಿದ್ದು ಆಮೇಲೆ. ಆಗಲಾದರೂ ತಿದ್ದಬಹುದಿತ್ತು. ತೋಳು ಚಾಚಿ ರಕ್ತ ಕೊಟ್ಟು ಬಂದೆ.

~

ಮಾರ್ಚ್ ೨೦, ಗುರುವಾರ

ಮುದ್ದಿನ ತಂಗಿಗೆ,

ಆಶೀರ್ವಾದ. ನಿನ್ನ ಪತ್ರ ಬಂತು. ಬೈದಿದ್ದೀಯ, ಸರಿಯಾಗಿಯೇ ಬೈದಿದ್ದೀಯ. ‘ಅಕ್ಕಾ, ನಾಳೆಯೇ ಹೋಗಿ ನಿಜ ಹೇಳು’ ಎಂಬ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದೀಯ, ಕಾಗದ ಹರಿಯುವ ಹಾಗೆ. ನಾಳೆ ನಾಳೆ ಎಂದುಕೊಂಡೇ ಮೂರು ವಾರ ಕಳೆಯಿತು. ಅದಕ್ಕೇ ಬರೆಯುವುದೂ ತಡವಾಯಿತು.

ನಿನ್ನ ಭಾವ ಮನೆಗೆ ಬಂದಿದ್ದಾರೆ. ಎರಡು ಸುತ್ತು ಡ್ರಿಪ್ಪು ಮುಗಿಯಿತು. ಮೊದಲ ಸುತ್ತಿನ ಮೇಲೆ ರಕ್ತದ ಸೀಸ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಗೆದ್ದೆವು ಎಂದುಕೊಂಡೆ. ಎರಡು ವಾರ ಬಿಟ್ಟು ನೋಡಿದರೆ ಮತ್ತೆ ಏರಿದೆ! ಕದ್ದು ಕಾರ್ಖಾನೆಗೆ ಹೋಗಿಬಂದರೇನೋ ಎಂದು ಇವರನ್ನು ತರಾಟೆಗೆ ತೆಗೆದುಕೊಂಡೆ. ಡಾಕ್ಟರಮ್ಮ ನಕ್ಕರು. “ಅವರನ್ನ ಯಾಕೆ ಬೈತೀರಿ? ಔಷಧಿ ರಕ್ತದಲ್ಲಿರೋದನ್ನ ಹಿಡಿದು ಹಾಕಿತು. ಮೂಳೆ ಒಳಗೆ ಇರೋದು ಈಗ ಮೆಲ್ಲಗೆ ಇಳಿದು ಬರ್ತಾ ಇದೆ. ಸೀಸ ಮೂಳೆಗೆ ಸೇರಿದ್ರೆ ಇಪ್ಪತ್ತು ಮೂವತ್ತು ವರ್ಷ ಕೂತಿರುತ್ತೆ. ಪೂರ್ತಿ ತೆಗೆಯೋದು ಯಾರ ಕೈಲೂ ಆಗಲ್ಲ.” ಅದಕ್ಕೇ ಸುತ್ತು ಸುತ್ತಾಗಿ ಕೊಡುವುದು, ನಡುವೆ ಮೈಗೆ ವಿಶ್ರಾಂತಿ. ಈ ಏಡಿ ಸೀಸದ ಜೊತೆ ಒಳ್ಳೆಯ ಸತುವನ್ನೂ ಎಳೆದುಕೊಂಡು ಹೋಗುತ್ತದಂತೆ, ಅದಕ್ಕೆ ಬೇರೆ ಮಾತ್ರೆ.

ಈಗ ಮನೆಯಲ್ಲಿ ಕ್ಯಾಪ್ಸೂಲು. ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆಯ ವಾಸನೆ, ಮಗಳು ಮೂಗು ಮುಚ್ಚಿಕೊಂಡು ಮಹಡಿಗೆ ಓಡುತ್ತಾಳೆ. ನಾನು ಓಡುವುದಿಲ್ಲ. ಹದಿನೆಂಟು ವರ್ಷದ ಮೇಲೆ ಇವರ ಮೈಯಿಂದ ಹಸಿರು ಸೋಪಿನ ವಾಸನೆ ಹೋಗಿದೆ, ಕೊಳೆತ ಮೊಟ್ಟೆಯಾದರೂ ಸರಿ, ನಮ್ಮ ಮನೆಯದು.

ಲೇಬಲ್ ಅಕ್ಕ ಬರುತ್ತಲೇ ಇದ್ದಾಳೆ. ಭಾನುವಾರ ತಪ್ಪಿಸುವುದಿಲ್ಲ. ಅವಳು ಬಂದರೆ ಇವರ ಬಾಯಿ ಬಿಚ್ಚಿಕೊಳ್ಳುತ್ತದೆ. ಕುಲುಮೆಯ ತಳ ಬಿರುಕು ಬಿಟ್ಟಿತಾ, ಫ್ಯಾನು ತಿರುಗುತ್ತಿದೆಯಾ, ಮಾಲೀಕರು ಇನ್ನೂ ಹಾಗೇ ಕಿರುಚುತ್ತಾರಾ. ನಾನು ಅಡುಗೆಮನೆಯಲ್ಲಿ ಒಂದೇ ಪಾತ್ರೆಯನ್ನು ನಾಲ್ಕು ಸಲ ತೊಳೆಯುತ್ತಾ ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿರುತ್ತೇನೆ. ನನಗೆ ಹೇಳದ ನೂರು ಮಾತು ಅವಳಿಗೆ ಗೊತ್ತು. ಹೋದ ವಾರ ಚಹಾದ ಲೋಟ ಅವಳ ಕೈಯಿಂದ ಜಾರಿ ಬಿತ್ತು. “ಈಚೆಗೆ ಕೈಯಲ್ಲಿ ಹಿಡಿತವೇ ಇಲ್ಲ ಅಮ್ಮ, ವಯಸ್ಸಾಯ್ತು” ಎಂದಳು. ನೆಲ ಒರೆಸುತ್ತಾ ನನಗೆ ಒಳಗೊಳಗೇ ಖುಷಿಯಾಯಿತು. ಇಂಥದ್ದನ್ನೂ ಬರೆಯುತ್ತಿದ್ದೇನಲ್ಲ!

ಇನ್ನೊಂದು ಕೇಳು. ನಿನ್ನ ಭಾವನ ಜಾಗಕ್ಕೆ ಹೊಸಬನೊಬ್ಬ ಬಂದಿದ್ದಾನೆ. ಈಗ ಅವನ ಬಟ್ಟೆಯನ್ನೂ ಅವಳೇ ಒಗೆಯುತ್ತಾಳಂತೆ. ಇವರು ಹೇಳಿದಾಗ ನಾನು ಬೇಕೆಂದೇ, “ನೋಡಿ, ನೀವು ಹೋದ ಮರುದಿನವೇ ಇನ್ನೊಬ್ಬರ ಅಂಗಿ ಸಿಕ್ಕಿತು” ಎಂದೆ. ಇವರು ನನ್ನನ್ನು ಒಂದು ಥರ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

ಎಲ್ಲರಿಗೂ ಶುಭವಾಗಲಿ. ನಿನ್ನ ಚಿಕ್ಕವಳ ಕೆಮ್ಮಿಗೆ ಬಿಸಿನೀರು ಕುಡಿಸು.

ನಿನ್ನ
ಅಕ್ಕ

ತಾ.ಕ.: ನನ್ನ ರಕ್ತದ ವರದಿ ಬಂದಿದೆ. ಏನೂ ಇಲ್ಲ. ಡಾಕ್ಟರಮ್ಮ ಕನ್ನಡಕ ಏರಿಸಿಕೊಂಡು ಎರಡು ಸಲ ನೋಡಿದರು. “ಇಷ್ಟು ವರ್ಷ ಒಗೆದಿದ್ದೀರಿ, ಆದ್ರೂ ಇಷ್ಟು ಶುದ್ಧ! ಹೇಗೆ ಒಗೀತೀರಿ?” ಎಂದರು. “ಮೊದಲು ನೀರಲ್ಲಿ ನೆನೆಹಾಕ್ತೀನಿ” ಎಂದುಬಿಟ್ಟೆ. ಒಳ್ಳೆಯ ಅಭ್ಯಾಸ ಎಂದು ಅವರು ಫೈಲಿನಲ್ಲಿ ಬರೆದುಕೊಂಡರು. ಬೈಯಬೇಡ. ಬರುವ ವಾರ ಹೇಳುತ್ತೇನೆ.

~

ಮೇ ೧೪, ಬುಧವಾರ

ತಂಗೀ,

ಆಶೀರ್ವಾದ. ನಿನ್ನ ಮೂರು ಪತ್ರಗಳಿಗೆ ನಾನು ಉತ್ತರ ಕೊಟ್ಟಿಲ್ಲ. ಕೊಡಲು ಮುಖವಿರಲಿಲ್ಲ. ಈಗಲೂ ಇಲ್ಲ, ಆದರೆ ಬರೆಯದಿದ್ದರೆ ಎದೆ ಒಡೆಯುತ್ತದೆ.

ನಿನ್ನ ಭಾವನಿಗೆ ಮೂರನೆಯ ಸುತ್ತು ಕಳೆದ ತಿಂಗಳ ಕೊನೆಯಲ್ಲಿ ಆಯಿತು. ಅವರು ಚೇತರಿಸಿಕೊಂಡಿದ್ದಾರೆ, ವಸಡಿನ ಗೆರೆ ಮಸುಕಾಗಿದೆ, ಸಿಡುಕು ಮಾತ್ರ ಹಾಗೇ ಇದೆ. ಅದು ಸೀಸದ್ದಲ್ಲ, ಸ್ವಂತದ್ದು ಎಂದು ಈಗ ಖಾತ್ರಿಯಾಯಿತು. ಕಾರ್ಖಾನೆಗೆ ಮರಳಿ ಹೋಗುವ ಹಾಗಿಲ್ಲ, ಒಂದು ಕಡೆಯಿಂದ ತೆಗೆಯುತ್ತಾ ಇನ್ನೊಂದು ಕಡೆಯಿಂದ ತುಂಬಿಕೊಂಡರೆ ಔಷಧಿಯೇ ಕೇಡು ಮಾಡುತ್ತದಂತೆ. ಶಾಲೆಯೊಂದರಲ್ಲಿ ತೋಟದ ಕೆಲಸ ಸಿಕ್ಕಿದೆ.

ಆ ಸುತ್ತಿನ ಮೂರನೆಯ ದಿನ ಬೆಳಗ್ಗೆ ಲೇಬಲ್ ಅಕ್ಕ ವಾರ್ಡಿಗೆ ಬಂದಳು. ಇವರಿಗೆ ನೀರು ಬೇಕಾಯಿತು. ನಾನು ಏಳುವ ಮೊದಲೇ ಅವಳು ಜಗ್ಗಿಗೆ ಕೈಹಾಕಿದಳು, ನನಗೆ ಅದೂ ಚುಚ್ಚಿತು. ಜಗ್ಗು ಎತ್ತುತ್ತಿದ್ದಂತೆ ಅವಳ ಮುಂಗೈ ಕೆಳಗೆ ಬಾಗಿಬಿಟ್ಟಿತು, ಒದ್ದೆ ಬಟ್ಟೆಯ ಹಾಗೆ. ನೀರೆಲ್ಲ ಹಾಸಿಗೆಯ ಮೇಲೆ. ಅವಳು ಎಡಗೈಯಿಂದ ಬಲಗೈಯನ್ನು ಮೇಲೆತ್ತಿ ಹಿಡಿದುಕೊಂಡು, “ಅಯ್ಯೋ, ಕ್ಷಮಿಸಿ” ಎಂದಳು. ಅದೇ ಹೊತ್ತಿಗೆ ಡಾಕ್ಟರಮ್ಮ ಬಾಗಿಲಲ್ಲಿದ್ದರು.

“ಕೈ ನೇರ ಚಾಚಿ” ಎಂದರು. ಚಾಚಲು ಆಗಲಿಲ್ಲ. ತುಟಿ ಎತ್ತಿ ನೋಡಿದರು. “ನೀವು ಕುಲುಮೆ ಹತ್ತಿರ ಕೆಲಸ ಮಾಡ್ತೀರಾ?”

“ಇಲ್ಲಮ್ಮ, ನಾನು ಮುಂದಿನ ಕೋಣೇಲಿ ಲೇಬಲ್ ಅಂಟಿಸೋದು.”

“ಮತ್ತೆ ಇದು ಹೇಗೆ ಬಂತು?”

ಅವಳು ಸಹಜವಾಗಿ ಹೇಳಿದಳು. “ಇವರ ಬಟ್ಟೆ ಒಗೀತಿದ್ದೆನಲ್ಲ, ಹದಿನೆಂಟು ವರ್ಷ.”

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. “ನೀವು ತಾನೇ ಒಗೆಯೋದು ಅಂದಿದ್ರಿ?”

ತಂಗೀ, ಆ ವಾರ್ಡಿನಲ್ಲಿ ಹನ್ನೆರಡು ಹಾಸಿಗೆ. ಹನ್ನೆರಡು ಜನವೂ ನನ್ನನ್ನೇ ನೋಡುತ್ತಿದ್ದ ಹಾಗೆ ಅನ್ನಿಸಿತು. ನಿನ್ನ ಭಾವ ದಿಂಬಿನಿಂದ ತಲೆ ಎತ್ತಿದರು. ಆಗ ಲೇಬಲ್ ಅಕ್ಕ ಬಾಗಿ ಒದ್ದೆ ಹೊದಿಕೆ ಎಳೆಯುತ್ತಾ, “ಅವರೂ ಒಗೀತಿದ್ರಮ್ಮ. ಮೊದಲೆಲ್ಲ ಅವರೇ. ರಜಾ ದಿನ ಅವರು, ಬಾಕಿ ದಿನ ನಾನು” ಎಂದಳು. ಎಷ್ಟು ಸಲೀಸಾಗಿ ಹೇಳಿದಳೆಂದರೆ ಡಾಕ್ಟರಮ್ಮ ನಂಬಿದರು. ನನ್ನ ಮಾನ ಉಳಿಸಿದಳು. ನೆಮ್ಮದಿಯಾಗಿ ಹೊಟ್ಟೆಕಿಚ್ಚು ಪಡುವುದಕ್ಕೂ ಅವಳು ನನ್ನನ್ನು ಬಿಡಲಿಲ್ಲ.

ಅವಳ ರಕ್ತದಲ್ಲಿ ನಿನ್ನ ಭಾವನಿಗಿಂತಲೂ ಹೆಚ್ಚು ಸೀಸ. ಅವತ್ತೇ ಹೆಂಗಸರ ವಾರ್ಡಿಗೆ ಸೇರಿಸಿಕೊಂಡರು. ಸಂಜೆ ನಾನು ಇವರನ್ನು ಹಿಡಿದುಕೊಂಡೆ. ಈಗಲಾದರೂ ಹೇಳಿ ಎಂದೆ. ಗೋಡೆಗೆ ಮುಖ ಮಾಡಿ ಹೇಳಿದರು. ಅವಳ ಗಂಡ ಇವರಿಗಿಂತ ಮೊದಲು ಆ ಕುಲುಮೆಯಲ್ಲಿದ್ದವನು. ಅವನ ಬಟ್ಟೆ ಮನೆಯಲ್ಲಿ ಒಗೆಯುತ್ತಿದ್ದ ಕಾಲದಲ್ಲಿ ಅವಳಿಗೆ ಮೂರು ಸಲ ಬಸಿರು ಇಳಿಯಿತು. ಮೂರನೆಯ ಸಲ ಯಾರೋ ನರ್ಸು ಬಟ್ಟೆಯ ದೂಳಿನ ಮಾತು ಹೇಳಿದ್ದಳಂತೆ. ಆಮೇಲೆ ಗಂಡನೂ ತೀರಿಕೊಂಡ. ನಾನು ಬಸುರಿ ಎಂದು ಇವರು ಕಾರ್ಖಾನೆಯಲ್ಲಿ ಹೇಳಿಕೊಂಡ ದಿನವೇ ಅವಳು ಒಂದು ಹಸಿರು ಸೋಪು ತಂದು ಕೈಗಿಟ್ಟು, “ಇನ್ನು ಈ ಬಟ್ಟೆ ಮನೆಗೆ ಒಯ್ಯಬೇಡಿ. ಇಲ್ಲೇ ಬಿಚ್ಚಿಡಿ, ನಾನು ಒಗೀತೀನಿ. ನಂಗೆ ಇನ್ನೇನಾಗಬೇಕು?” ಎಂದಳಂತೆ.

“ನಂಗ್ಯಾಕೆ ಹೇಳಲಿಲ್ಲ?” ಎಂದೆ.

“ಹೇಳಿದ್ರೆ ಕೆಲಸ ಬಿಡು ಅಂತಿದ್ದೆ. ಬಿಟ್ಟಿದ್ರೆ ತಿನ್ನೋದೇನು? ನೀನು ಸೋಪಿನ ಮೇಲೆ ಜಗಳ ಆಡ್ತಿದ್ದೆ. ಅದೇ ವಾಸಿ ಅನ್ನಿಸ್ತು.”

ಹೊಸಬನ ಹೆಂಡತಿಯೂ ಬಸುರಿ. ಅವನ ಅಂಗಿ ಲೇಬಲ್ ಅಕ್ಕನ ಕೈಗೆ ಹೋದದ್ದು ಅದಕ್ಕೆ. ಮಾರ್ಚಿನಲ್ಲಿ ನಾನು ಏನು ಬರೆದಿದ್ದೆ ನೋಡು. ಆ ಪತ್ರ ಇದ್ದರೆ ಹರಿದುಹಾಕು.

ಫೆಬ್ರವರಿಯಲ್ಲಿ ನಾನು ‘ಅವಳು’ ಎಂದಿದ್ದರೆ ಫೆಬ್ರವರಿಯಲ್ಲೇ ಅವಳಿಗೆ ಚಿಕಿತ್ಸೆಯಾಗುತ್ತಿತ್ತು. ಮತ್ತೆ ಎರಡೂವರೆ ತಿಂಗಳು ಅವಳು ಹೊಸಬನ ಬಟ್ಟೆ ಕುಕ್ಕಿದಳು. ನಡುವೆ ಕೈ ಬಿತ್ತು. ಔಷಧಿ ಸೀಸ ತೆಗೆಯುತ್ತದೆ, ನರಕ್ಕೆ ಆದ ಪೆಟ್ಟು ಎಷ್ಟು ಸರಿಹೋಗುತ್ತದೆಂದು ಹೇಳಲಾರೆ, ಸ್ವಲ್ಪ ಮೊದಲೇ ಬಂದಿದ್ದರೆ ಚೆನ್ನಾಗಿತ್ತು ಎಂದರು ಡಾಕ್ಟರಮ್ಮ.

ಅವಳಿಗೆ ಯಾರೂ ಇಲ್ಲ. ದಿನಾ ನಾನೇ ಹೋಗುತ್ತೇನೆ. ಕ್ಯಾನು ಹಿಡಿಯುತ್ತೇನೆ, ಚಮಚದಲ್ಲಿ ಊಟ ಕೊಡುತ್ತೇನೆ, ತಲೆ ಬಾಚುತ್ತೇನೆ. ಬಟ್ಟೆ ಮನೆಗೆ ತಂದು ಒಗೆಯುತ್ತೇನೆ. ನಾಲ್ಕನೆಯ ದಿನ ಜಡೆ ಹಾಕುತ್ತಾ, ಬೆನ್ನು ನನ್ನ ಕಡೆ ಇದ್ದದ್ದರಿಂದ ಧೈರ್ಯ ಬಂದು, “ಫೆಬ್ರವರೀಲೇ ಕೇಳಿದ್ರು. ನಾನೇ ಒಗೆಯೋದು ಅಂದುಬಿಟ್ಟೆ” ಎಂದೆ.

“ಗೊತ್ತಾಯ್ತು ಅವತ್ತೇ” ಎಂದಳು. “ಹೆಂಡತಿ ಆದವಳು ಇನ್ನೇನು ಹೇಳ್ತಾಳೆ? ನಾನಾದ್ರೂ ಅದನ್ನೇ ಹೇಳ್ತಿದ್ದೆ. ಜಡೆ ಸ್ವಲ್ಪ ಬಿಗಿಯಾಗಿ ಹಾಕಿ, ಬಿಚ್ಚಿಹೋಗುತ್ತೆ.” ಆಮೇಲೆ, “ಆ ಹೊಸ ಹುಡುಗನ ಹೆಂಡತಿಗೆ ಏಳು ತಿಂಗಳು. ಅವನ ಬಟ್ಟೆ ಈಗ ಯಾರು ಒಗೀತಾರೋ” ಎಂದಳು.

ಮರುದಿನ ಡಾಕ್ಟರಮ್ಮನಿಂದ ಕಾಗದ ಬರೆಸಿಕೊಂಡು ಕಾರ್ಖಾನೆಗೆ ಹೋದೆ. ನನ್ನ ಬಾಯಿ ನಿನಗೆ ಗೊತ್ತಲ್ಲ, ಒಂದು ಸಲವಾದರೂ ಒಳ್ಳೆಯದಕ್ಕೆ ಬಳಸಿದೆ. ಮಾಲೀಕರು ಕಿವಿ ಮುಚ್ಚಿಕೊಂಡು ಒಪ್ಪಿದರು. ಹಿತ್ತಲಲ್ಲಿ ಈಗ ಬಟ್ಟೆ ಒಗೆಯುವ ಯಂತ್ರ ಬಂದಿದೆ, ಎಲ್ಲರ ಬಟ್ಟೆಯೂ ಅಲ್ಲೇ. ಹಳೆಯ ತಂತಿಯನ್ನು ನಾನೇ ಬಿಚ್ಚಿ ಎಸೆದೆ.

ನೀನು ಚೆನ್ನಾಗಿರು. ನಿನ್ನ ಮಕ್ಕಳ ಆಯಸ್ಸು ಗಟ್ಟಿಯಾಗಿರಲಿ. ನನ್ನ ಹಾಗೆ ಒಂದು ಸೋಪಿನ ಹಿಂದೆ ಹದಿನೆಂಟು ವರ್ಷ ಬೀಳುವ ಬುದ್ಧಿ ಯಾರಿಗೂ ಬಾರದಿರಲಿ.

ನಿನ್ನ ರಿಬ್ಬನ್ ಕತ್ತರಿಸಿದ
ಅಕ್ಕ

ತಾ.ಕ.: ಬುದ್ಧಿ ಬಂತು ಎಂದುಕೊಂಡು ಪತ್ರ ಮಡಚಬೇಡ. ಅವಳ ಮೊದಲ ಸುತ್ತು ಮುಗಿದ ದಿನ ಡಾಕ್ಟರಮ್ಮ ಅವಳಿಗೂ ಅದೇ ಮಾತು ಹೇಳಿದರು, ರಕ್ತದ್ದು ಹೋಗುತ್ತದೆ, ಮೂಳೆಯದ್ದು ಕೊನೆಯತನಕ ಸ್ವಲ್ಪ ಇದ್ದೇ ಇರುತ್ತದೆ ಎಂದು. ಅಲ್ಲೇ ನಿಂತಿದ್ದ ನನಗೆ ಹೊಳೆದದ್ದೇನು ಗೊತ್ತಾ? ಇವರ ಹದಿನೆಂಟು ವರ್ಷದ ದೂಳು ಅವಳ ಮೂಳೆಯಲ್ಲಿದೆ, ಯಾವ ಔಷಧಿಯೂ ಪೂರ್ತಿ ತೆಗೆಯಲಾರದು. ನನ್ನ ಮೈಯಲ್ಲಿ ಇವರದ್ದು ಏನಿದೆ? ಡಾಕ್ಟರಮ್ಮನ ಹಿಂದೆ ಮೊಗಸಾಲೆಯವರೆಗೆ ಓಡಿದೆ. “ಮದುವೆಯಾದ ಮೊದಲ ಎರಡು ವರ್ಷ ನಾನೂ ಒಗೆದಿದ್ದೆ. ನಿಜವಾಗಿ ಒಗೆದಿದ್ದೆ. ನನ್ನ ಮೂಳೇಲೂ ಸ್ವಲ್ಪ ಉಳಿದಿರಬಹುದಾ?” ಎಂದು ಕೇಳಿದೆ. ನಾನು ಹೆದರಿದ್ದೇನೆಂದು ಅವರು ತಿಳಿದುಕೊಂಡರು. ನನ್ನ ಬೆನ್ನು ತಟ್ಟಿ, “ಏನೂ ಯೋಚನೆ ಮಾಡಬೇಡಿ ಅಮ್ಮ, ಎರಡು ವರ್ಷದ್ದು ಯಾವ ಲೆಕ್ಕ? ನಿಮ್ಮಲ್ಲಿ ಏನೂ ಉಳಿದಿಲ್ಲ” ಎಂದು ಸಮಾಧಾನ ಹೇಳಿ ಹೋದರು.